ಕರೆಂಟಿದ್ದರೆ ಟೀವಿ, ಹೋದರೆ ಕರ್ವಾಲೊ

ಪ್ರೀತಿಯ ಗೆಳೆಯಾ,

ತಿಂಗಳಿಡೀ ಏನು ಮಾಡಿದೆ ಅಂತ ಕೇಳಿದ್ದೀಯ. ಶಿರಸಿಯ ಜುಲೈ ನಿನಗೆ ಗೊತ್ತಿಲ್ವಾ ಮಾರಾಯ? ಹುಬ್ಬಳ್ಳಿಗೆ ಹೋದವನು ಇಷ್ಟು ಬೇಗ ಮರೆತುಬಿಟ್ಟೆಯಾ? ಬಿಡದೆ ಸುರಿಯುವ ಮಳೆ, ಆಗಾಗ ಕಾಲೇಜಿಗೆ ರಜೆ. ಕರೆಂಟಿದ್ದರೆ ಟೀವಿ, ಇಲ್ಲದಿದ್ದರೆ ಪುಸ್ತಕ. ಯಾವಾಗ ಯಾವುದು ಅನ್ನುವುದನ್ನು ಲೈನಿನ ಮೇಲೆ ಬೀಳುವ ಮರಗಳೇ ತೀರ್ಮಾನಿಸುತ್ತಿದ್ದವು.

ಸಂಜೆಯಾದರೆ ರಿಮೋಟು ಅಜ್ಜಿಯದ್ದು. ಅವಳ ಧಾರಾವಾಹಿಯಲ್ಲಿ ಒಂದೇ ಮದುವೆ ವಾರಗಟ್ಟಲೆ ನಡೆಯಿತು, ತಾಳಿ ಮಾತ್ರ ಕಟ್ಟಲಿಲ್ಲ. ಬೈಯುತ್ತಲೇ ನಾನೂ ನೋಡಿದೆ, ಸುಳ್ಳು ಯಾಕೆ ಹೇಳಲಿ. ಅಪ್ಪಯ್ಯನ ಹಕ್ಕು ಚಂದನದ 'ಥಟ್ ಅಂತ ಹೇಳಿ'ಗೆ ಮಾತ್ರ. 2002ರಲ್ಲಿ ಶುರುವಾದದ್ದು ಅದು, ಅಂದರೆ ನಮ್ಮಿಬ್ಬರಿಗಿಂತ ದೊಡ್ಡದು. ಸರಿ ಉತ್ತರಕ್ಕೆ ನಾ. ಸೋಮೇಶ್ವರ ಅವರು ಪುಸ್ತಕ ಕೊಡುತ್ತಾರಲ್ಲ, ಅಪ್ಪಯ್ಯ ಕೂತಲ್ಲಿಂದಲೇ ಉತ್ತರ ಹೇಳಿ "ಇದು ನಂದು" ಅಂತಾನೆ. ಹಾಗೆ ಗೆದ್ದದ್ದೆಲ್ಲ ನಿಜಕ್ಕೂ ಬಂದಿದ್ದರೆ ನಮ್ಮನೆ ಮೆತ್ತಿನಲ್ಲಿ ಅಡಿಕೆ ಇಡಲು ಜಾಗ ಇರುತ್ತಿರಲಿಲ್ಲ.

ಮಾಲ್ಗುಡಿ ಡೇಸನ್ನು ಮೊದಲಿಂದ ಕೂತು ನೋಡಿದೆ. ಅದನ್ನು ನಿರ್ದೇಶಿಸಿದ ಶಂಕರ್ ನಾಗ್ ನಮ್ಮ ಹೊನ್ನಾವರ ಕಡೆಯವರು ಅಂತ ಆಯಿ ಪ್ರತಿ ಸಲ ನೆನಪಿಸುತ್ತಾಳೆ. ಚಿತ್ರೀಕರಣ ಆಗುಂಬೆಯಲ್ಲಿ. ಅಲ್ಲಿನ ಜಗಲಿ, ಓಣಿ ನೋಡಿದರೆ ನಮ್ಮದೇ ಊರು ಅನ್ನಿಸುತ್ತೆ, ಅಲ್ವಾ? ಆಮೇಲೆ ಆರ್. ಕೆ. ನಾರಾಯಣ್ ಬರೆದ, 1935ರಲ್ಲಿ ಪ್ರಕಟವಾದ ಸ್ವಾಮಿಯ ಕಾದಂಬರಿ 'ಸ್ವಾಮಿ ಅಂಡ್ ಫ್ರೆಂಡ್ಸ್' ಹಿಡಿದೆ. ಅಲ್ಲೊಂದು ತೊಂದರೆಯಾಯಿತು. ಎಷ್ಟು ಪುಟ ತಿರುವಿದರೂ ಸ್ವಾಮಿಗೆ ಟೀವಿಯಲ್ಲಿ ಆ ಪಾತ್ರ ಮಾಡಿದ ಮಾಸ್ಟರ್ ಮಂಜುನಾಥನ ಮುಖವೇ. ನನ್ನದೇ ಒಬ್ಬ ಸ್ವಾಮಿ ಹುಟ್ಟಲೇ ಇಲ್ಲ. ಮೊದಲು ಓದಿ ಆಮೇಲೆ ನೋಡಬೇಕಿತ್ತು ಅಂತ ಈಗಲೂ ಅನ್ನಿಸುತ್ತಿದೆ.

ಯಶವಂತ ಚಿತ್ತಾಲರ ಕಾದಂಬರಿ 'ಶಿಕಾರಿ'ಯನ್ನೂ ತೆಗೆದುಕೊಂಡಿದ್ದೆ, ನಮ್ಮ ಜಿಲ್ಲೆಯ ಹನೇಹಳ್ಳಿಯವರು ಅನ್ನುವ ಅಭಿಮಾನಕ್ಕೆ. ಮುಂಬಯಿ ಕಂಪನಿಯ ಒಳಜಗಳ, ನಾಗಪ್ಪನ ತಲೆಯೊಳಗಿನ ಗೋಜಲು. ಅರ್ಧಕ್ಕೆ ನಿಲ್ಲಿಸಿದೆ. ನೌಕರಿ ಅಂತ ಒಂದು ಸಿಕ್ಕಿದ ಮೇಲೆ ಓದುತ್ತೇನೆ.

ಈಗ ಕರ್ವಾಲೊ. ತೇಜಸ್ವಿ ಇದನ್ನು ಬರೆದದ್ದು 1980ರಲ್ಲಿ. ಮೂಡಿಗೆರೆಯ ಕಾಡು, ಜೇನು, ಮಂದಣ್ಣ, ಪ್ಯಾರ, ಕಿವಿ ಅನ್ನುವ ನಾಯಿ, ಎಲ್ಲರೂ ಸೇರಿ ಒಂದು ಹಾರುವ ಓತಿಯನ್ನು ಹುಡುಕಿಕೊಂಡು ಹೋಗುತ್ತಾರೆ. ಇದನ್ನು ಪರದೆ ಮೇಲೆ ನಾನು ನೋಡಿಲ್ಲ, ಹಾಗಾಗಿ ಮುಖಗಳೆಲ್ಲ ನನ್ನವೇ. ಮಂದಣ್ಣನಿಗೆ, ಮರ ಹತ್ತಿ ಅಡಿಕೆ ಕೊನೆ ಇಳಿಸುವ ನಮ್ಮ ಕೊನೆಗೌಡನ ಮುಖ ಬಂದು ಕೂತಿತು. ಯಾಕೆ ಅಂತ ಆಮೇಲೆ ಗೊತ್ತಾಯಿತು.

ಓದುತ್ತಿದ್ದ ದಿನಗಳಲ್ಲೇ ಟೀವಿಯಲ್ಲಿ ಹಾರುವ ಓತಿಯೂ ಬಂತು. ಆಗ್ನೇಯ ಏಷ್ಯಾದ ಯಾವುದೋ ಕಾಡು. ನಿಧಾನಕ್ಕೆ ತೋರಿಸಿದರು: ಉದ್ದುದ್ದ ಪಕ್ಕೆಲುಬುಗಳು ಕೊಡೆಯ ಕಡ್ಡಿಗಳ ಹಾಗೆ ಬಿಚ್ಚಿ, ನಡುವಿನ ಚರ್ಮ ರೆಕ್ಕೆಯಾಗುತ್ತೆ. ರೆಕ್ಕೆ ಬಡಿಯುವುದಿಲ್ಲ, ತೇಲಿ ಇಳಿಯುತ್ತೆ ಅಷ್ಟೇ. ಬಾಯಿ ಬಿಟ್ಟುಕೊಂಡು ನೋಡಿದೆ. ಆದರೆ ಅಷ್ಟರಲ್ಲೇ ಎಲ್ಲ ಮುಗಿದುಹೋಯಿತು, ಹಿಂದೆಯೇ ಸೋಪಿನ ಜಾಹೀರಾತು. ತೇಜಸ್ವಿ ನನ್ನನ್ನು ಇಡೀ ಪುಸ್ತಕ ಕಾಯಿಸಿದ್ದರು.

ಮಾರನೇ ದಿನ ಸ್ವಲ್ಪ ಹೊಳವಾಗಿತ್ತು. ಕೊನೆಗೌಡ ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಯಲು ಬಂದಿದ್ದ. ಸುಮ್ನೆ ಕೇಳಿದೆ, "ಹಾರುವ ಓತಿ ನೋಡಿದ್ಯಾ?" ಅವನು ನಕ್ಕ. "ಎಂತ ತಮ್ಮಾ, ನಿಮ್ಮ ತೋಟದಲ್ಲೇ ಅದಾವಲ್ಲ." ಮರದ ಮೇಲೆ ಇರುವೆ ತಿಂದುಕೊಂಡು ಇರುತ್ತವಂತೆ, ಹೆಣ್ಣು ಮೊಟ್ಟೆ ಇಡಲು ಮಾತ್ರ ನೆಲಕ್ಕೆ ಇಳಿಯುತ್ತಂತೆ. ಇಷ್ಟು ವರ್ಷ ನಾನು ಆ ತೋಟದಲ್ಲಿ ಓಡಾಡಿದವನು! ಅವತ್ತೆಲ್ಲ ಅವನ ಹಿಂದೆ ತಲೆಯೆತ್ತಿ ತಿರುಗಿದೆ, ಕುತ್ತಿಗೆ ನೋವು ಬಂತು. ಆಯಿ ಊಟಕ್ಕೆ ಕರೆದು ಕರೆದು ಸೋತಳು.

ಕಂಡದ್ದು ಹಳ್ಳದ ಪಕ್ಕದ ಮರದಲ್ಲಿ. ಅವನು ಬೆರಳು ತೋರಿಸಿದರೂ ನನಗೆ ಬರೀ ಅಡಿಕೆ ಮರವೇ ಕಾಣುತ್ತಿತ್ತು. ಮೈ ಬಣ್ಣ ಅಷ್ಟು ತೊಗಟೆಯಂತೆಯೇ. ಆಮೇಲೆ ಗಂಟಲ ಕೆಳಗಿಂದ ಹಳದಿ ನಾಲಿಗೆಯಂಥದ್ದು ಒಂದು ಹೊರಗೆ ಚಾಚಿತು, ಒಳಗೆ ಹೋಯಿತು, ಮತ್ತೆ ಚಾಚಿತು. ಗಂಡು ಅದು, ಅಂದ ಗೌಡ. ಕೈಬೆರಳಿಗಿಂತ ಸ್ವಲ್ಪ ಉದ್ದದ ಮೈ, ಸಣಕಲು ಬಾಲ. ಫೋನು ತೆಗೆಯುವಷ್ಟರಲ್ಲಿ ಹಾರಿ ಆಚೆ ಮರಕ್ಕೆ ಅಂಟಿಕೊಂಡಿತ್ತು. ರೆಕ್ಕೆಯ ಬಣ್ಣ ಏನು ಅಂತ ಕೇಳಬೇಡ, ನೋಡಲು ಬಿಡಲಿಲ್ಲ. ಟೀವಿಯಲ್ಲಾದರೆ ನಿಧಾನಕ್ಕೆ ತೋರಿಸುತ್ತಿದ್ದರು ಬಿಡು. ಗೌಡ ಅಷ್ಟರಲ್ಲಿ ಒಂದು ಮರದ ತುದಿಯನ್ನು ಬಗ್ಗಿಸಿ ಇನ್ನೊಂದು ಮರಕ್ಕೆ ದಾಟಿ ಆಗಿತ್ತು, ಅವನಿಗೆ ಇದೆಲ್ಲ ಏನೂ ದೊಡ್ಡ ವಿಷಯವಲ್ಲ.

ನೀನೂ ಕರ್ವಾಲೊ ಓದು, ಹುಬ್ಬಳ್ಳಿಯ ಯಾವ ಅಂಗಡಿಯಲ್ಲಾದರೂ ಸಿಗುತ್ತೆ. ಕೊನೆಯ ಪುಟ ಮೊದಲೇ ತಿರುವಿ ನೋಡಬೇಡ, ನಿನ್ನ ಚಾಳಿ ನನಗೆ ಗೊತ್ತು. ಚೌತಿಗೆ ಬರುತ್ತೀಯಲ್ಲ, ಬರುವಾಗ ತೇಜಸ್ವಿಯವರದ್ದೇ 'ಜುಗಾರಿ ಕ್ರಾಸ್' ಒಂದು ತಾ, ದುಡ್ಡು ಇಲ್ಲಿ ಕೊಡುತ್ತೇನೆ. ಅಜ್ಜಿಗೆ ಪೇಡೆಯಂತೆ, ಧಾರವಾಡದ್ದೇ ಆಗಬೇಕಂತೆ.

ಇಂತಿ,
ನಿನ್ನ ಶಿರಸಿಯ ಗೆಳೆಯ