ಗೂಳಿಯ ಚಿತ್ರ ನೋಡಿ ಮೋಸಹೋದವನಿಗೆ ನೆರವಾದ ಹಿರಿಯರಿಗೆ

ಜರ್ಮನಿಯ ಕೀಲ್ ಬಳಿಯ ಲಾಬೋ ಕಡಲತೀರದಲ್ಲಿ, ಎರಡನೇ ಮಹಾಯುದ್ಧ ಕಾಲದ ಯು-995 ಜಲಾಂತರ್ಗಾಮಿಯ ಎದುರು ನಿಂತು, ಸಂತೆಯಲ್ಲಿ ಕೊಂಡ ಜಲಾಂತರ್ಗಾಮಿಯೊಂದರ ಹಳೆಯ ಫೋಟೊವನ್ನು ನಾನು ಹೆಮ್ಮೆಯಿಂದ ನೋಡುತ್ತಿದ್ದೆ. ಅದರ ಬೆನ್ನ ಮೇಲಿನ ಗೋಪುರದಲ್ಲಿ ಬುಸುಗುಟ್ಟುವ ಗೂಳಿಯ ಚಿತ್ರ! ಅಂದಮೇಲೆ ಅದು 1939ರಲ್ಲಿ ಬ್ರಿಟಿಷರ ನೌಕಾನೆಲೆ ಸ್ಕಾಪಾ ಫ್ಲೋ ಹೊಕ್ಕು ರಾಯಲ್ ಓಕ್ ಯುದ್ಧನೌಕೆಯನ್ನು ಮುಳುಗಿಸಿದ, ಗೂಳಿ ಲಾಂಛನದ ಯು-47 ಎಂದೇ ನಂಬಿದ್ದೆ.

ಪಕ್ಕದಲ್ಲಿದ್ದ ನೀವು, ಹೆಸರನ್ನೂ ಹೇಳದೆ, ಜೇಬಿನಿಂದ ಭೂತಗನ್ನಡಿ ತೆಗೆದಿರಿ. ಆ ಗೂಳಿಯನ್ನು ಆಮೇಲೆ ಇಡೀ 7ನೇ ಫ್ಲೋಟಿಲ್ಲಾ (ಜಲಾಂತರ್ಗಾಮಿಗಳ ದಳ) ತನ್ನ ಲಾಂಛನ ಮಾಡಿಕೊಂಡಿತು ಎಂದಿರಿ. ಯುದ್ಧಕಾಲದಲ್ಲಿ ಗೋಪುರದ ಮೇಲೆ ಸಂಖ್ಯೆ ಬರೆಯುತ್ತಿರಲಿಲ್ಲವಾದ್ದರಿಂದ ಲಾಂಛನವೊಂದನ್ನೇ ನೆಚ್ಚುವವರು ನನ್ನಂತೆ ಎಡವುತ್ತಾರಂತೆ. ಬಳಿಕ ನಿಮ್ಮ ಬೆರಳು ಗೋಪುರದ ಹಿಂದಕ್ಕೆ ಸರಿಯಿತು. ಅಲ್ಲಿ ಮೆಟ್ಟಿಲಿನಂತೆ ಕೆಳಗೆ ಇನ್ನೊಂದು ಫಿರಂಗಿ ಕಟ್ಟೆ. ಎದುರಿನ ಯು-995ರಲ್ಲೂ ಅಂಥದ್ದೇ. ವಿಮಾನದಾಳಿ ಹೆಚ್ಚಿದ ಮೇಲೆ, 1943ರ ಹೊತ್ತಿಗೆ ಬಂದ ಏರ್ಪಾಡು ಅದು. ಯು-47 ಕಣ್ಮರೆಯಾದದ್ದು 1941ರ ಮಾರ್ಚ್‌ನಲ್ಲಿ.

ನನ್ನ ಮುಖ ಸಪ್ಪಗಾದದ್ದನ್ನು ಕಂಡು ನೀವು ನಕ್ಕಿರಿ. ತಪ್ಪನ್ನು ಇಷ್ಟು ಮೆತ್ತಗೆ ತಿದ್ದಿದವರು ನನಗೆ ಹೆಚ್ಚು ಸಿಕ್ಕಿಲ್ಲ. ಚಳಿಗಾಳಿಯಲ್ಲಿ ಅರ್ಧ ಗಂಟೆ ನಿಂತಿದ್ದಕ್ಕೆ ಅನಂತ ಧನ್ಯವಾದಗಳು, ಸ್ವಾಮಿ. ಫೋಟೊದ ಹಿಂಬದಿಯ ‘ಯು-47’ ಅಳಿಸಿ, ಪೆನ್ಸಿಲ್‌ನಲ್ಲಿ ‘7ನೇ ಫ್ಲೋಟಿಲ್ಲಾ, ಸಂಖ್ಯೆ?’ ಎಂದು ಬರೆದಿದ್ದೇನೆ.