ಒಂಬತ್ತನೇ ತರಗತಿಯ ಪೋಷಕರಿಗೆ: ಪರದೆ ಮೇಲಿನ ಕೆಂಪು ಸಾಲಿನ ಬಗ್ಗೆ

ಮಾನ್ಯ ಪೋಷಕರೇ,

ನಮಸ್ಕಾರ. ಕಳೆದ ಶನಿವಾರದ ಸಭೆಯಲ್ಲಿ ಇಬ್ಬರು ಮೂವರು ಒಂದೇ ಮಾತು ಹೇಳಿದಿರಿ: "ಕಂಪ್ಯೂಟರ್ ಮುಂದೆ ಕೂತರೆ ಬರೀ ಎರರ್ ಬರುತ್ತಂತೆ ಸಾರ್, ನಮ್ಮ ಮಗುವಿಗೆ ಇದು ತಲೆಗೆ ಹತ್ತೋದಿಲ್ಲವೇನೋ." ಅದಕ್ಕೇ ಈ ಪತ್ರ.

ಮಕ್ಕಳು ಕಲಿಯುತ್ತಿರುವುದು ಪೈಥಾನ್, ಅಂದರೆ ಕಂಪ್ಯೂಟರ್‌ಗೆ ಪ್ರೋಗ್ರಾಂ ಬರೆಯುವ ಒಂದು ಭಾಷೆ. ಅದರಲ್ಲಿ ಬರುವ ಸಿಂಟ್ಯಾಕ್ಸ್ ಎರರ್ ಎಂದರೆ ವ್ಯಾಕರಣದ ತಪ್ಪು. ನಾನು ಕನ್ನಡ ಮೇಷ್ಟ್ರು. 'ನಾನು ಊರಿಗೆ ಹೋದನು' ಎಂದು ಹುಡುಗ ಬರೆದರೆ ಕೆಂಪು ಗೆರೆ ಎಳೆಯುತ್ತೇನೆ, ಆದರೂ ಅವನು ಹೇಳಿದ್ದು ನನಗೆ ತಿಳಿಯುತ್ತದೆ. ಪೈಥಾನ್‌ಗೆ ಆ ದಾಕ್ಷಿಣ್ಯ ಇಲ್ಲ. ಪ್ರೋಗ್ರಾಂ ಓಡಿಸುವ ಮೊದಲೇ ಅದು ಇಡೀ ಫೈಲನ್ನು ಓದಿ ನೋಡುತ್ತದೆ. ಇಪ್ಪತ್ತನೇ ಸಾಲಿನಲ್ಲಿ ಒಂದು ಕೋಲನ್ (:) ಬಿಟ್ಟುಹೋಗಿದ್ದರೆ ಮೊದಲ ಸಾಲಿನ 'ನಮಸ್ಕಾರ' ಕೂಡ ಪರದೆಗೆ ಬರುವುದಿಲ್ಲ.

ಮೊನ್ನೆ ಲ್ಯಾಬ್‌ನಲ್ಲಿ ಒಬ್ಬಳ ಹಿಂದೆ ನಿಂತು ನೋಡುತ್ತಿದ್ದೆ. ಎರರ್ ನಾಲ್ಕನೇ ಸಾಲು ಅಂತಿತ್ತು. ಆ ಸಾಲನ್ನು ಮೂರು ಸಲ ಅಳಿಸಿ ಬರೆದಳು, ಮತ್ತೆ ಅದೇ. ತಪ್ಪಿದ್ದದ್ದು ಮೂರನೇ ಸಾಲಿನ ತುದಿಯಲ್ಲಿ: ಪರದೆಗೆ ಬರೆಯಿಸುವ 'ಪ್ರಿಂಟ್' ಆದೇಶದ ಮುಂದೆ ಬ್ರ್ಯಾಕೆಟ್ ತೆರೆದಿದ್ದಳು, ಮುಚ್ಚಿರಲಿಲ್ಲ. ಮುಚ್ಚುವುದು ಸಿಗದೆ ಪೈಥಾನ್ ಮುಂದಿನ ಸಾಲನ್ನೂ ಅದಕ್ಕೇ ಸೇರಿಸಿ ಓದುತ್ತಾ ಹೋಗಿ ಅಲ್ಲಿ ಎಡವಿತ್ತು. 2021ರಲ್ಲಿ ಬಂದ ಪೈಥಾನ್ 3.10 ಆವೃತ್ತಿ 'ಈ ಬ್ರ್ಯಾಕೆಟ್ ಮುಚ್ಚಿಲ್ಲ' ಎಂದು ನೇರವಾಗಿ ಹೇಳುತ್ತದೆ. ನಮ್ಮ ಲ್ಯಾಬಿನದು ಅದಕ್ಕಿಂತ ಹಳೆಯದು. ದಸರಾ ರಜೆಯಲ್ಲಿ ಹೊಸದು ಹಾಕಿಸುತ್ತೇವೆ, ಆ ತಪ್ಪು ನಮ್ಮದು. "ಒಂದು ಸಾಲು ಮೇಲೆ ನೋಡಮ್ಮ" ಅಂದೆ. ಬೆಲ್ ಹೊಡೆಯುವಷ್ಟರಲ್ಲಿ ಪ್ರೋಗ್ರಾಂ ಓಡಿತು.

ಇನ್ನೊಂದು. ಹೋಂವರ್ಕನ್ನು ವರ್ಡ್‌ನಲ್ಲಿ ಟೈಪ್ ಮಾಡಿ ತಂದು ಅಂಟಿಸುವ ಮಕ್ಕಳಿದ್ದಾರೆ. ವರ್ಡ್ ಉದ್ಧರಣ ಚಿಹ್ನೆಗಳನ್ನು ತಾನಾಗಿ ಬಾಗಿಸಿಬಿಡುತ್ತದೆ. ನಮ್ಮ ಕಣ್ಣಿಗೆ ನೇರ, ಬಾಗಿದ ಎರಡೂ ಒಂದೇ, ಪೈಥಾನ್ ಬಾಗಿದ್ದನ್ನು ಒಪ್ಪುವುದಿಲ್ಲ. ನೋಟ್‌ಪ್ಯಾಡ್ ಬಳಸಲಿ.

ಅಣ್ಣನೋ ಟ್ಯೂಷನ್ ಸಾರೋ ಸರಿಮಾಡಿ ಕೊಟ್ಟ ಪ್ರೋಗ್ರಾಂ ದಯವಿಟ್ಟು ಬೇಡ. ನಿಮಗೆ ಪೈಥಾನ್ ಬರದಿದ್ದರೂ ನಡೆಯುತ್ತದೆ: "ಎರರ್‌ನ ಕೊನೇ ಸಾಲಿನಲ್ಲಿ ಏನಂತ ಬರೆದಿದೆ, ಜೋರಾಗಿ ಓದು" ಎಂದು ಕೇಳಿ ಸಾಕು. ಅದು ಇಂಗ್ಲಿಷಿನಲ್ಲಿರುವುದರಿಂದ ಮಕ್ಕಳು ಓದದೇ ಮುಚ್ಚಿಬಿಡುತ್ತಾರೆ.

ಬಂದ ಪ್ರತಿ ಎರರ್ ಅನ್ನೂ ಅದರ ಕಾರಣವನ್ನೂ ಪ್ರಾಕ್ಟಿಕಲ್ ಪುಸ್ತಕದಲ್ಲಿ ಬರೆಯಲು ಹೇಳಿದ್ದೇವೆ. ಅದಕ್ಕೆ ಅಂಕ ಕಳೆಯುವುದಿಲ್ಲ. ಶುಕ್ರವಾರ ಪುಸ್ತಕಕ್ಕೆ ನಿಮ್ಮ ಸಹಿ ಹಾಕಿ ಕಳಿಸಿ.

ಇತಿ,
ಮುಖ್ಯೋಪಾಧ್ಯಾಯರು