ಮಗಳಿಗೊಂದು ಪತ್ರ: ಹಾಲುಹಲ್ಲಿನಲ್ಲಿ ಉಳಿದ ಲೆಕ್ಕ

ಪ್ರೀತಿಯ ಮಗಳು ಮೇಘಾಳಿಗೆ, ಅಮ್ಮನ ಆಶೀರ್ವಾದಗಳು.

ಎಂ.ಡಿ.ಗೆ ಸಮುದಾಯ ವೈದ್ಯಕೀಯವನ್ನೇ ತೆಗೆದುಕೊಂಡು, ಮುಂದೆ ಮಾಲಿನ್ಯ ಮತ್ತು ಮಕ್ಕಳ ಆರೋಗ್ಯದ ಸಂಶೋಧನೆಗೆ ಇಳಿಯುತ್ತೇನೆಂದು ನೀನು ಫೋನಿನಲ್ಲಿ ಹೇಳಿದಾಗ ನಾನು ಸುಮ್ಮನಾದೆ. ಅಸಮಾಧಾನ ಸ್ವಲ್ಪ ಇತ್ತು, ಸುಳ್ಳೇಕೆ ಹೇಳಲಿ. ನೀನು ಹೆಸರಿಸಿದ ಹರ್ಬರ್ಟ್ ನೀಡಲ್‌ಮನ್, ಸೀಸ ಮಕ್ಕಳಿಗೆ ಮಾಡುವ ಹಾನಿಯನ್ನು ತೋರಿಸಿಕೊಟ್ಟ ಅಮೆರಿಕದ ಮಕ್ಕಳ ವೈದ್ಯ ಎಂಬುದೂ ನನಗೆ ತಿಳಿದಿರಲಿಲ್ಲ. ನೀನು ಕಳಿಸಿದ್ದನ್ನೆಲ್ಲ ಓದಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಯ ಪ್ರಸಂಗವನ್ನು ಎರಡು ಸಲ ಓದಿದೆ. ಸೀಸದ ವಿಷವೇರಿದ ಪುಟ್ಟ ಹುಡುಗಿಯನ್ನು ಬದುಕಿಸಿದ ಅವರು, ಮಗುವನ್ನು ಮತ್ತೆ ಸೀಸದ ಬಣ್ಣ ಬಳಿದಿದ್ದ ಆ ಹಳೆಯ ಮನೆಗೆ ಕರೆದೊಯ್ಯಬಾರದೆಂದು ತಾಯಿಗೆ ಹೇಳಿದರಂತೆ. ಹಾಗಾದರೆ ಎಲ್ಲಿಗೆ ಹೋಗಲಿ, ನನ್ನ ಕೈಗೆಟುಕುವ ಮನೆಗಳೆಲ್ಲ ಹೀಗೆಯೇ ಇವೆಯಲ್ಲ ಎಂದು ಆಕೆ ಕೇಳಿದಳಂತೆ. ಆ ಪ್ರಶ್ನೆಗೆ ಔಷಧದ ಚೀಟಿಯಲ್ಲಿ ಉತ್ತರವಿರಲಿಲ್ಲ.

ರಕ್ತಕ್ಕೆ ಸೇರಿದ ಸೀಸ ಸುಮಾರು ಒಂದು ತಿಂಗಳಿಗೆ ಅರ್ಧವಾಗುತ್ತದೆ, ಆದರೆ ಕ್ಯಾಲ್ಸಿಯಮ್ಮಿನ ಜಾಗ ಹಿಡಿದು ಹಲ್ಲಿಗೆ ಸೇರಿದ್ದು ಅಲ್ಲಿಯೇ ಉಳಿಯುತ್ತದೆ. ಆದ್ದರಿಂದ ಅವರು ಉದುರಿದ ಹಾಲುಹಲ್ಲುಗಳನ್ನು ಕೂಡಿಹಾಕಿದರು. ನಿನ್ನವನ್ನು ನಾವು ಸಗಣಿಯಲ್ಲಿ ಸುತ್ತಿ ಹೆಂಚಿನ ಮೇಲೆ ಎಸೆದೆವು, ನೋಡು! 1972ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ನಗರದ ಬಡ ಬೀದಿಗಳ ಮಕ್ಕಳ ಹಲ್ಲಿನಲ್ಲಿ ಉಪನಗರದ ಮಕ್ಕಳಿಗಿಂತ ಐದು ಪಟ್ಟಿನಷ್ಟು ಸೀಸವಿತ್ತು.

1979ರ ಅಧ್ಯಯನ ಮಾತ್ರ ನನ್ನ ನಿದ್ದೆ ಕೆಡಿಸಿತು. ಮ್ಯಾಸಚೂಸೆಟ್ಸ್‌ನ ಎರಡು ಊರುಗಳಲ್ಲಿ ಒಂದು, ಎರಡನೆಯ ತರಗತಿಯ ಮಕ್ಕಳ ಹಲ್ಲುಗಳನ್ನು ಪರೀಕ್ಷಿಸಿ, ಹೆಚ್ಚು ಸೀಸವಿದ್ದ 58 ಮಕ್ಕಳನ್ನು ಕಡಿಮೆಯಿದ್ದ 100 ಮಕ್ಕಳೊಂದಿಗೆ ಹೋಲಿಸಿದಾಗ, ಕಾಯಿಲೆಯ ಲಕ್ಷಣವೇನೂ ಕಾಣದ ಮಕ್ಕಳಲ್ಲಿಯೂ ಬುದ್ಧಿಮತ್ತೆಯ ಅಂಕ ಕಡಿಮೆಯಾಗಿತ್ತು. ಹಲ್ಲಿನ ಲೆಕ್ಕ ತಿಳಿಯದ ಶಿಕ್ಷಕರು ಎರಡು ಸಾವಿರಕ್ಕೂ ಹೆಚ್ಚು ಮಕ್ಕಳ ಬಗ್ಗೆ ಬರೆದುಕೊಟ್ಟ ಅಭಿಪ್ರಾಯವೂ ಸೀಸ ಏರಿದಂತೆ ಕೆಡುತ್ತಾ ಹೋಗಿತ್ತು. ಮೂವತ್ತು ವರ್ಷ ಪ್ರಗತಿಪತ್ರದಲ್ಲಿ 'ಗಮನ ಸಾಲದು' ಎಂದು ಬರೆದವಳು ನಾನು. ಆ ಮಕ್ಕಳಲ್ಲಿ ಕೆಲವರ ಅಪ್ಪಂದಿರು ಹಳೆಯ ಬ್ಯಾಟರಿ ಒಡೆದು ಸೀಸ ಕರಗಿಸುತ್ತಿದ್ದರು. ಅವರ ಮನೆ ಯಾವ ಓಣಿಯಲ್ಲಿದೆ ಎಂದು ನಾನು ಒಮ್ಮೆಯೂ ಕೇಳಲಿಲ್ಲ.

ಈ ದಾರಿಯಲ್ಲಿ ಪೆಟ್ಟೂ ಇದೆ. 1991ರಲ್ಲಿ ನೀಡಲ್‌ಮನ್ ಅವರ ಮೇಲೆ ಸಂಶೋಧನೆಯ ಅಕ್ರಮದ ದೂರು ಬಂದಿತು. ಮುಚ್ಚಿದ ಬಾಗಿಲ ವಿಚಾರಣೆ ಬೇಡ, ಎಲ್ಲರೆದುರು ನಡೆಯಲಿ ಎಂದು ಪಟ್ಟು ಹಿಡಿದು ಗೆದ್ದರು. ಮರುವರ್ಷ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಬಹಿರಂಗ ವಿಚಾರಣೆ ನಡೆದು, ಅಕ್ರಮವೇನೂ ಇಲ್ಲವೆಂದು ತೀರ್ಮಾನವಾಯಿತು. ನೀನೂ ಮೊದಲ ದಿನದಿಂದಲೇ ನಿನ್ನ ದಾಖಲೆ ಪುಸ್ತಕವನ್ನು ಹಗೆಗಳೂ ಓದುವಂತೆ ಬರೆದಿಡು.

ನಮ್ಮಲ್ಲಿ ಸೀಸರಹಿತ ಪೆಟ್ರೋಲ್ ದೇಶಾದ್ಯಂತ ಬಂದದ್ದು 2000ದಲ್ಲಿ. ಅದಕ್ಕೆ ಮುನ್ನ ಮಕ್ಕಳ ರಕ್ತದ ಸೀಸವನ್ನು ಅಳೆದು ಎಚ್ಚರಿಸಿದವರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಪ್ರಾಧ್ಯಾಪಕ ತುಪ್ಪಿಲ್ ವೆಂಕಟೇಶ್ ಇದ್ದರೆಂಬುದು ನನಗೆ ಈಗ ತಿಳಿಯಿತು. ಇಷ್ಟು ಹತ್ತಿರದಲ್ಲಿದ್ದೂ ಗೊತ್ತಿರಲಿಲ್ಲ.

"ಅದೂ ಒಂದು ಡಾಕ್ಟರಿಕೆಯೇ?" ಎಂದು ನಿನ್ನ ದೊಡ್ಡಪ್ಪ ಕೇಳುತ್ತಲೇ ಇದ್ದಾರೆ. ಅವರಿಗೆ ನಾನು ಹೇಳಿಕೊಳ್ಳುತ್ತೇನೆ. ನೀನು ಆಪ್ಷನ್ ಎಂಟ್ರಿಯಲ್ಲಿ ಅದನ್ನೇ ಮೊದಲಿಗೆ ಹಾಕು. ರಜೆಗೆ ಬಂದಾಗ ಆ ಓಣಿಗೆ ಒಮ್ಮೆ ಹೋಗಿಬರೋಣ. ಹಳೆಯ ಹಾಜರಿ ಪುಸ್ತಕ ಹುಡುಕಿ ಇಟ್ಟಿರುತ್ತೇನೆ.

ಇಂತು,
ನಿನ್ನ ಅಮ್ಮ